ಒಂದನೇ ಕ್ಲಾಸಿನ ಮಕ್ಕಳಿಗೆ ಓದು ಬರಹ ಕಲಿಸೋದು ಹೀಗೆ

49 ಅಕ್ಷರಗಳನ್ನು ಸಾಲಾಗಿ ಬಾಯಿಪಾಠ ಮಾಡಿಸಬೇಡಿ. ಸರ್ಕಾರಿ ಶಾಲೆಗಳಲ್ಲಿ ಆಟ-ಚಟುವಟಿಕೆ ಮೂಲಕ ಕಲಿಸುವ ನಲಿಕಲಿ ಪದ್ಧತಿಯಲ್ಲಿ ಇರುವ ಹಾಗೆ ರ, ಗ, ಸ, ದ, ಅ ಇಷ್ಟರಿಂದ ಶುರು ಮಾಡಿ. ಈ ಐದರಲ್ಲೇ ಸರ, ಅರಸ, ಗರಗರ ಅಂತ ಮಗು ತಾನೇ ಓದುತ್ತೆ, ಆ ಖುಷಿಯೇ ಬೇರೆ ಅಲ್ವಾ!

ಪೆನ್ಸಿಲ್‌ಗೆ ಆತುರ ಬೇಡ. ನಮ್ಮ ಕಲಬುರಗಿಯಲ್ಲಿ ತೊಗರಿಗೇನು ಬರ? ತಟ್ಟೆಯಲ್ಲಿ ಎರಡು ಹಿಡಿ ತೊಗರಿ ಬೇಳೆ ಹರಡಿ, ಮಗುವಿನ ಬೆರಳು ಹಿಡಿದು 'ರ' ತಿದ್ದಿಸಿ, ಬಾಯಲ್ಲೂ ಹೇಳಿಸಿ, ತಟ್ಟೆ ಅಲ್ಲಾಡಿಸಿ ಅಳಿಸಿ, ಈಗ ನೀನೇ ಬರಿ ಅಂತ ಬಿಟ್ಟುಬಿಡಿ. ಬೆರಳು ತಿರುವು ಕಲಿತ ಮೇಲೆ ಸ್ಲೇಟು ಕೊಡಿ.

ಮನೆಯಲ್ಲಿ ಉರ್ದು, ಲಂಬಾಣಿ, ತೆಲುಗು ಮಾತಾಡುವ ಮಕ್ಕಳೂ ಇರ್ತಾರೆ. ಚಿತ್ರ ತೋರಿಸಿ ಮೊದಲು ಅವರ ಮಾತಲ್ಲೇ ಹೆಸರು ಕೇಳಿ. 'ರೋಟಿ' ಅಂದ ಮಗುವಿಗೆ 'ರೊಟ್ಟಿ' ದೂರ ಇಲ್ಲ.

ಒತ್ತಕ್ಷರ ಮಾತ್ರ ಕಾಗುಣಿತ ಗಟ್ಟಿಯಾದ ಮೇಲೇ.