ಅಡಿಕೆ ಸುಲಿಯುವ ಅಂಗಳಕ್ಕೆ ಒಂದು ಸ್ಪೀಕರ್

ನಮ್ಮದು ಶಿರಸಿ ಸೀಮೆಯ ತೋಟ. ಹಸಿ ಅಡಿಕೆ ಸುಲಿದು, ಬೇಯಿಸಿ, ಒಣಗಿಸುವ ಮನೆ. ಕೊನೆಕೊಯ್ಲು (ಅಡಿಕೆ ಗೊನೆ ಕೊಯ್ಯುವ ಕೆಲಸ) ಶುರುವಾಯಿತೆಂದರೆ ಸಂಜೆಯಿಂದ ಅಂಗಳದ ಚಪ್ಪರದಡಿ ಮೆಟ್ಟುಗತ್ತಿಗಳ ಸಾಲು. ಸುಲಿಯುವವರ ಕೈಗೆ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಆ ಕಿವಿಗೆ ತಾಳಮದ್ದಳೆ ಬೇಕು, ಭಾಗವತರು ಹಾಡಿ, ಅರ್ಥಧಾರಿಗಳು ವೇಷವಿಲ್ಲದೆ ಕೂತಲ್ಲೇ ಪಾತ್ರಗಳ ಮಾತಾಡುವ ಯಕ್ಷಗಾನ ಕೂಟ. ಮೊಬೈಲನ್ನು ಸ್ಟೀಲ್ ಪಾತ್ರೆಯೊಳಗೆ ಇಟ್ಟು ಕೇಳುವ ಕಾಲ ಮುಗಿಯಲಿ ಎಂದು ಬ್ಲೂಟೂತ್ ಸ್ಪೀಕರ್ ಹುಡುಕಲು ಹೊರಟೆ. ಮಳೆಗಾಲದಲ್ಲಿ ಅದೇ ಸ್ಪೀಕರ್ ಕೊಟ್ಟಿಗೆಗೂ ನರ್ಸರಿಗೂ ಹೋಗಬೇಕಿತ್ತು. ಹಾಗಾಗಿ ನೀರಿಗೆ ಜಗ್ಗದ್ದು ಬೇಕು ಅನ್ನುವುದರಲ್ಲಿ ಅನುಮಾನವಿರಲಿಲ್ಲ.

ಪೆಟ್ಟಿಗೆಯ ಮೇಲೆ ‘ವಾಟರ್‌ಪ್ರೂಫ್’ ಎಂದು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ನೋಡಬೇಕಾದ್ದು ಐಪಿ ಅಂಕಿಯನ್ನು. ಮೊದಲ ಅಂಕಿ ದೂಳಿನದು, ಎರಡನೆಯದು ನೀರಿನದು. ದೂಳಿಗೆ 6 ಎಂದರೆ ಒಳಗೆ ದೂಳು ಹೋಗದು. ನೀರಿಗೆ 4 ಎಂದರೆ ಯಾವ ದಿಕ್ಕಿನಿಂದ ಸಿಡಿದರೂ ತಡೆದೀತು. 5 ಎಂದರೆ ನಳಿಕೆಯಿಂದ ನಿಮಿಷಕ್ಕೆ ಹನ್ನೆರಡೂವರೆ ಲೀಟರಿನಂತೆ ನೀರು ಹಾಯಿಸಿ ಪರೀಕ್ಷಿಸಿದ್ದು. 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿಟ್ಟು ನೋಡಿದ್ದು. ಐಪಿಎಕ್ಸ್7 ಎಂದು ಬರೆದಿದ್ದರೆ ದೂಳಿನ ಜಾಗದಲ್ಲಿ ಅಂಕಿ ಕೊಟ್ಟಿಲ್ಲ ಎಂದಷ್ಟೇ ಅರ್ಥ, ದೂಳು ತಡೆಯುವುದೇ ಇಲ್ಲ ಎಂದಲ್ಲ. ಜೆಬಿಎಲ್ ಫ್ಲಿಪ್ 5 ಐಪಿಎಕ್ಸ್7 ಆಗಿತ್ತು, ಮುಂದಿನ ಫ್ಲಿಪ್ 6ಕ್ಕೆ ಐಪಿ67 ಬಂತು. ಅಡಿಕೆ ಸಿಪ್ಪೆಯ ನಾರು, ಒಲೆಯ ಬೂದಿ, ಅಂಗಳದ ಕೆಂಪು ಮಣ್ಣು ಎಲ್ಲ ಹಾರಾಡುವ ಕಡೆ ಇಡಲು ನನಗೆ ಆ 6 ಬೇಕೇ ಬೇಕಿತ್ತು.

ಅಂಗಡಿಯವರೂ ಸಾಮಾನ್ಯವಾಗಿ ಹೇಳದ ಸಂಗತಿ ಒಂದಿದೆ. 7 ಇದ್ದಮಾತ್ರಕ್ಕೆ 5 ಮತ್ತು 6ರ ಪರೀಕ್ಷೆಯಲ್ಲೂ ಪಾಸಾಗಿದೆ ಎಂದು ತಿಳಿಯಬಾರದು. ಮುಳುಗಿಸುವ ಪರೀಕ್ಷೆ ಬೇರೆ, ರಭಸದ ನೀರಿನ ಪರೀಕ್ಷೆ ಬೇರೆ. ಎರಡೂ ಆಗಿದ್ದರೆ ಎರಡನ್ನೂ ನಮೂದಿಸುತ್ತಾರೆ. ಆದ್ದರಿಂದ ಐಪಿ67 ಇದೆಯಲ್ಲ ಎಂದು ಕೊಟ್ಟಿಗೆ ತೊಳೆಯುವ ಪೈಪನ್ನು ಅದರ ಮೇಲೂ ತಿರುಗಿಸಲು ಹೋಗಬೇಡಿ. ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ಹೊಸ ಸರಕಿನ ಮೇಲೆ. ಗೋಕರ್ಣದ ಕಡಲಿಗೆ ಒಯ್ದವರು ಬಂದ ಮೇಲೆ ಒಮ್ಮೆ ಬಾವಿ ನೀರಿನಲ್ಲಿ ಅದ್ದಿ ತೆಗೆಯಲಿ. ರಬ್ಬರ್ ಬಿರಡೆಗೆ ವಯಸ್ಸಾಗುತ್ತದೆ. ಎತ್ತರದಿಂದ ಬಿದ್ದರೆ ಕಣ್ಣಿಗೆ ಕಾಣದ ಬಿರುಕೂ ಬಂದಿರಬಹುದು. ಆಮೇಲೆ ಪೆಟ್ಟಿಗೆಯ ಅಂಕಿಯನ್ನು ನಂಬಿ ಕೂರುವಂತಿಲ್ಲ.

ನೀರಿನ ವಿಷಯ ಇಷ್ಟೇ. ಅಂಕಿ ನೋಡಿದರೆ ಮುಗಿಯಿತು. ನಿಜವಾಗಿ ತಲೆ ಕೆಡಿಸಿಕೊಂಡದ್ದು ಧ್ವನಿಗೆ.

ಅಂಗಡಿಯಲ್ಲಿ ಯಾವ ಸ್ಪೀಕರ್ ಹಚ್ಚಿದರೂ ಎದೆ ನಡುಗುವ ಬೇಸು. ನಾಲ್ಕು ಗೋಡೆ, ಗಾಜಿನ ಕಪಾಟು, ಮೇಲೊಂದು ಸ್ಲ್ಯಾಬು, ಎಲ್ಲ ಸೇರಿ ಆ ಬೇಸನ್ನು ಹೆಚ್ಚಿಸಿ ಕೊಡುತ್ತವೆ. ಬಯಲಿಗೆ ತಂದರೆ ತಿರುಗಿ ಬಡಿಯಲು ಗೋಡೆಯೇ ಇಲ್ಲ, ಬೇಸು ಅರ್ಧಕ್ಕರ್ಧ ಮಾಯ. ಬೇಸಿಗೆಂದೇ ಕೊಟ್ಟ ದುಡ್ಡೂ ಅದರ ಹಿಂದೆಯೇ ಹೋಯಿತು. ಅದಕ್ಕೇ ಅಂಗಡಿಯವರನ್ನು ಒಪ್ಪಿಸಿ ಸ್ಪೀಕರನ್ನು ಹೊರಗೆ ಜಗಲಿಯ ಮೇಲೆ ಇಡಿಸಿದೆ. ಮೊಬೈಲಿನಲ್ಲಿ ಇಳಿಸಿಕೊಂಡಿದ್ದ ತಾಳಮದ್ದಳೆ ಹಚ್ಚಿ, ರಸ್ತೆ ದಾಟಿ ನಿಂತು ಕೇಳಿದೆ. ಭಾಗವತರ ಪದ್ಯ ಎಲ್ಲದರಲ್ಲೂ ಕೇಳುತ್ತಿತ್ತು. ಚೆಂಡೆ ಹೇಗೂ ಊರಿಗೇ ಕೇಳುವಂಥದ್ದು. ಪರೀಕ್ಷೆ ಇದ್ದದ್ದು ಅರ್ಥಧಾರಿಯ ಮಾತಿನಲ್ಲಿ. ವಾಲಿ ರಾಮನಿಗೆ ಹಾಕುವ ಪ್ರಶ್ನೆಗಳು ವೇಗ ಹಿಡಿದಾಗ ಪ್ರತಿ ಶಬ್ದ ಬಿಡಿಬಿಡಿಯಾಗಿ ಬರುತ್ತದೆಯೇ? ದೊಡ್ಡ ಹೆಸರಿನ, ದಪ್ಪ ಬೇಸಿನ ಸ್ಪೀಕರುಗಳು ಇಲ್ಲಿ ಮುಗ್ಗರಿಸಿದವು. ಮಾತು ಕಂಬಳಿ ಹೊದ್ದು ಆಡಿದಂತಿತ್ತು. ಕ, ತ, ಸ, ಷ ಮುಂತಾದ ವ್ಯಂಜನಗಳ ಸ್ಪಷ್ಟತೆ ಇರುವುದು ಸುಮಾರು 2,000 ಹರ್ಟ್ಸ್‌ನಿಂದ ಮೇಲೆ. ಕೆಳಗಿನ ಗುಡುಗು ಅದನ್ನು ಮುಚ್ಚಿದರೆ ಗಲಾಟೆ ದೂರ ಹೋಗುತ್ತದೆ, ಮಾತು ಹೋಗುವುದಿಲ್ಲ. ಅಲ್ಟಿಮೇಟ್ ಇಯರ್ಸ್ ಕಂಪನಿ ವಂಡರ್‌ಬೂಮ್ 2ರ ಅಡಿಯಲ್ಲಿ ಬಯಲಿಗೆಂದೇ ಒಂದು ಗುಂಡಿ ಕೊಟ್ಟಿತ್ತು. ಅದನ್ನು ಒತ್ತಿದರೆ ಬೇಸು ತಗ್ಗಿ ಮಾತಿನ ಭಾಗ ಮೇಲೇಳುತ್ತದೆ. ಅಂಥ ಗುಂಡಿ ಇಲ್ಲದಿದ್ದರೆ ಮೊಬೈಲಿನ ಈಕ್ವಲೈಜರ್‌ನಲ್ಲಿ ಎಡತುದಿಯ ಪಟ್ಟಿಗಳನ್ನು ಇಳಿಸಿದರೂ ತಕ್ಕಮಟ್ಟಿಗೆ ಕೆಲಸವಾಗುತ್ತದೆ. ಸಿನಿಮಾ ಹಾಡಿಗೆ ಕುಣಿಯುವವರಿಗೆ ಈ ಲೆಕ್ಕ ಬೇಡ, ಅವರು ಬೇಸನ್ನೇ ನೋಡಿ ಕೊಳ್ಳಲಿ.

ವ್ಯಾಟ್ ಬಗ್ಗೆ ಒಂದು ಮಾತು. 10 ವ್ಯಾಟಿನ ಬದಲು 20 ವ್ಯಾಟಿನದು ತಂದರೆ ಸದ್ದು ಇಮ್ಮಡಿಯಾಗುವುದಿಲ್ಲ. ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಇಮ್ಮಡಿ ಅನ್ನಿಸಲು ಹೆಚ್ಚುಕಡಿಮೆ ಹತ್ತು ಪಟ್ಟು ಶಕ್ತಿ ಬೇಕು. ಅದೂ ಆರ್‌ಎಂಎಸ್ ವ್ಯಾಟಿನ, ಅಂದರೆ ಎಡೆಬಿಡದೆ ಕೊಡಬಲ್ಲ ಶಕ್ತಿಯ ಲೆಕ್ಕ. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಎಂದು ಸಾವಿರಗಟ್ಟಲೆ ಬರೆದ ಪೆಟ್ಟಿಗೆಯನ್ನು ನಾನು ಕೈಯಲ್ಲಿ ಎತ್ತಿಯೂ ನೋಡುವುದಿಲ್ಲ. ಇನ್ನೊಂದು ಕಡೆ, ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಎರಡನ್ನೂ ಸೇರಿಸಿ ನೋಡಿ: ಕೇಳುವವರಿಗೆ ಇರುವ ದೂರವನ್ನು ಅರ್ಧಕ್ಕೆ ತಂದರೆ ನಾಲ್ಕು ಪಟ್ಟು ವ್ಯಾಟಿಗೆ ದುಡ್ಡು ಸುರಿದಷ್ಟು ಲಾಭ. ಹೀಗಾಗಿ ಒಂದು ದೊಡ್ಡದರ ಆಸೆ ಬಿಟ್ಟು ಒಂದೇ ಮಾದರಿಯ ಎರಡು ಚಿಕ್ಕ ಸ್ಪೀಕರ್ ತಂದೆ. ಸುಲಿಯುವವರ ಸಾಲಿನ ಮೇಲೆ, ಚಪ್ಪರದ ಎರಡು ಕಂಬಗಳಿಗೆ ತೂಗುಹಾಕಿದೆ. ಸದ್ದು ಕಡಿಮೆ ಇಟ್ಟರೂ ಎಲ್ಲರಿಗೂ ಕೇಳುತ್ತದೆ, ಪಕ್ಕದ ಮನೆಯ ಪರೀಕ್ಷೆ ಓದುವ ಹುಡುಗಿಗೆ ಕೇಳುವುದಿಲ್ಲ. ರಾತ್ರಿ 10ರ ಮೇಲೆ ವಸತಿ ಪ್ರದೇಶಕ್ಕೆ 45 ಡೆಸಿಬಲ್ ಮಿತಿ ಎಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮವೂ ಹೇಳುತ್ತದೆ. (ಹಂದಿ ಓಡಿಸಲು ರಾತ್ರಿಯಿಡೀ ಗದ್ದೆಯಲ್ಲಿ ರೇಡಿಯೊ ಹಚ್ಚಿಡುವವರ ಮಾತು ಬೇರೆ. ಆ ಹಂದಿಗಳಿಗೂ ಈಗ ವಾರ್ತೆ ಬಾಯಿಪಾಠ ಬಂದಿರಬೇಕು.)

ಎರಡು ಸ್ಪೀಕರ್ ಜೋಡಿಸುವಾಗ ನೋಡಿಕೊಳ್ಳಬೇಕಾದ್ದು ಇದೆ. ಸ್ಟೀರಿಯೊ ಆಗಿ ಜೋಡಿಸಿದರೆ ಒಂದಕ್ಕೆ ಎಡದ ಧ್ವನಿ, ಇನ್ನೊಂದಕ್ಕೆ ಬಲದ ಧ್ವನಿ. ಮೈಕುಗಳನ್ನು ಹಂಚಿ ಮುದ್ರಿಸಿದ ಕೂಟವಾದರೆ ಈ ತುದಿಯವರಿಗೆ ವಾಲಿ ಜೋರು, ಆ ತುದಿಯವರಿಗೆ ರಾಮ ಜೋರು. ಎರಡರಲ್ಲೂ ಒಂದೇ ಧ್ವನಿ ಬರುವ ಪಾರ್ಟಿ ಮೋಡ್ ಇದ್ದರೆ ಅದನ್ನೇ ಆರಿಸಿ. ಇಲ್ಲವಾದರೆ ಮೊಬೈಲಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೋನೊ ಆಡಿಯೊ ಹಚ್ಚಿ. ಎರಡನ್ನೂ ತೀರ ದೂರ ದೂರ ಇಡುವುದೂ ಬೇಡ. ಸದ್ದು 10 ಮೀಟರ್ ಸಾಗಲು ಸೆಕೆಂಡಿನ ನೂರರಲ್ಲಿ ಮೂರು ಪಾಲು ಹೊತ್ತು ಹಿಡಿಯುತ್ತದೆ. ಅಂತರ ಅದಕ್ಕಿಂತ ಹೆಚ್ಚಾದಷ್ಟೂ ಮಾತು ಮಾರ್ದನಿಯಂತೆ ಎರಡೆರಡಾಗಿ ಕೇಳತೊಡಗುತ್ತದೆ.

ಬ್ಲೂಟೂತಿನ ಅಲೆ 2.4 ಗಿಗಾಹರ್ಟ್ಸ್‌ನದು. ಅದನ್ನು ನೀರು ಹೀರಿಕೊಳ್ಳುತ್ತದೆ, ಮನುಷ್ಯನ ಮೈ ಅರ್ಧಕ್ಕಿಂತ ಹೆಚ್ಚು ನೀರೇ. ಮೊಬೈಲು ಹಿಂದಿನ ಕಿಸೆಯಲ್ಲಿದ್ದು ನಾವು ಸ್ಪೀಕರಿನತ್ತ ಮುಖ ಮಾಡಿ ನಿಂತರೂ ಧ್ವನಿ ಕಡಿದು ಕಡಿದು ಬರಬಹುದು. ತೋಟದೊಳಗೆ, ಮಳೆಯಲ್ಲಿ ನೆನೆದ ಬಾಳೆ, ಯಾಲಕ್ಕಿ ಹಿಂಡಿನ ನಡುವೆ ಬ್ಲೂಟೂತ್ 10 ಮೀಟರ್ ಮುಟ್ಟುತ್ತದೆ ಅನ್ನುವ ಲೆಕ್ಕ ನಿಲ್ಲುವುದಿಲ್ಲ. ಮೊಬೈಲನ್ನು ಸ್ಪೀಕರಿನ ಹತ್ತಿರವೇ ಕಂಬದ ಚೀಲದಲ್ಲಿ ಇಡುತ್ತೇನೆ. ನೆಟ್‌ವರ್ಕ್ ನಂಬುವ ಊರು ನಮ್ಮದಲ್ಲ, ಎಲ್ಲ ಮೊದಲೇ ಇಳಿಸಿಟ್ಟದ್ದು. ಮೆಮೊರಿ ಕಾರ್ಡ್ ಹಾಕುವ ಸ್ಪೀಕರ್ ಇನ್ನೂ ಅನುಕೂಲ ಅನ್ನಿಸಿತ್ತು. ಆದರೆ ಕಾರ್ಡಿನ ಕಿಂಡಿಗೆ ಇರುವ ರಬ್ಬರ್ ಮುಚ್ಚಳ ತೆಗೆದು ಹಾಕಿ ಸಡಿಲಾದರೆ ನೀರಿಗೆ ಅದೇ ಬಾಗಿಲು.

ಗುಂಡಿಗಳು ಉಬ್ಬಿರಲಿ, ರಬ್ಬರಿನವಾಗಿರಲಿ. ಮುಟ್ಟಿದರೆ ಸಾಕು ಅನ್ನುವ ಟಚ್ ಫಲಕ ಒದ್ದೆ ಕೈಗೆ ಸರಿಯಾಗಿ ಸ್ಪಂದಿಸುವುದಿಲ್ಲ, ಮಳೆಹನಿಗೆ ತಾನೇ ಹಾಡು ಬದಲಿಸಿದರೂ ಬದಲಿಸಿತು. ಬಣ್ಣ ಕಪ್ಪು ಅಥವಾ ಕಂದು ಇರಲಿ. ಅಡಿಕೆ ಚೊಗರು ಬಟ್ಟೆಯ ಜಾಲರಿಗೆ ತಗುಲಿದರೆ ಯಾವ ಸೋಪಿಗೂ ಹೋಗುವುದಿಲ್ಲ. ನೆನೆದ ಮೇಲೆ ಧ್ವನಿ ಮಂಕಾದರೆ ಗಾಬರಿ ಬೇಡ, ಜಾಲರಿಯಲ್ಲಿ ನಿಂತ ನೀರು ಕೊಡವಿ ಮಗುಚಿ ಇಟ್ಟರೆ ಸರಿಹೋಗುತ್ತದೆ.

ಬ್ಯಾಟರಿಯ ಗಂಟೆಗಳನ್ನು ಕಂಪನಿಗಳು ಸಾಮಾನ್ಯವಾಗಿ ಮಧ್ಯಮ ಸದ್ದಿನಲ್ಲಿ ಅಳೆದಿರುತ್ತವೆ. ಜೋರಾಗಿ ಹಚ್ಚಿದರೆ ಅರ್ಧ ಸಿಕ್ಕರೂ ಹೆಚ್ಚು. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವ ನಮಗೆ ಪವರ್ ಬ್ಯಾಂಕಿನಿಂದಲೂ ತುಂಬಿಸುವಂತೆ ಯುಎಸ್‌ಬಿ ಸಿ ಕಿಂಡಿ ಇರುವುದು ಮುಖ್ಯ. ಕಿಂಡಿ ಪೂರ್ತಿ ಒಣಗುವ ತನಕ ಚಾರ್ಜರ್ ಚುಚ್ಚಬಾರದು. ಸ್ಪೀಕರ್ ನೀರು ತಡೆಯುತ್ತದೆ, ನೀರಿದ್ದ ಕಿಂಡಿಗೆ ಕರೆಂಟು ಹರಿದರೆ ಪಿನ್ನುಗಳು ಸುಟ್ಟು ತುಕ್ಕು ಹಿಡಿಯುತ್ತವೆ. ಅಡಿಕೆ ಬೇಯಿಸುವ ಹಂಡೆಯ ಒಲೆ ಪಕ್ಕವೂ ಬೇಡ, ಲಿಥಿಯಂ ಬ್ಯಾಟರಿಗೆ ನೀರಿಗಿಂತ ಬಿಸಿಯೇ ದೊಡ್ಡ ಶತ್ರು. ಸುಲಿಗೆ ಮುಗಿದ ಮೇಲೆ ಎರಡನ್ನೂ ಅರ್ಧ ಚಾರ್ಜಿನಲ್ಲಿ ಆರಿಸಿ ಕಪಾಟಿನಲ್ಲಿಡುತ್ತೇನೆ. ಮಳೆಗಾಲದ ಕೊಟ್ಟಿಗೆ ಕೆಲಸಕ್ಕೆ ಒಂದೇ ಸಾಕಾಗುತ್ತದೆ, ಅಲ್ಲಿ ಕೇಳುವುದು ನಾನೊಬ್ಬನೇ.