ಹಾಯಿದೋಣಿಯ ಕಾಕ್‌ಪಿಟ್‌ಗೆ ಹೊಸ ಸಾಗುವಾನಿ ಹಲಗೆ

ಕಾಕ್‌ಪಿಟ್, ಅಂದರೆ ದೋಣಿ ನಡೆಸುವವರು ಕೂರುವ ತಗ್ಗು ಜಾಗ, ಅದರ ಹಲಗೆ ಬದಲಿಸುವ ಕೆಲಸ ಮಂಗಳೂರಿನಲ್ಲಿ ಮಳೆಗಾಲಕ್ಕೆ ಬೇಡವೇ ಬೇಡ. ತೇವ ಹೀರಿ ಉಬ್ಬಿದ ಹಲಗೆ ಬೇಸಿಗೆಯಲ್ಲಿ ಕುಗ್ಗಿ ಸಂದು ಬಿಡುತ್ತದೆ. ಡಿಸೆಂಬರಿನಿಂದ ಮಾರ್ಚ್ ಒಳಗೆ ಮುಗಿಸಿ; ಮರದ ತೇವಾಂಶ ಶೇ. 12ರ ಆಸುಪಾಸಿರಲಿ.

ಹಳೆ ಹಲಗೆ ಕಿತ್ತ ಮೇಲೆ ತಳವನ್ನು ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋಗಿ. ಸದ್ದು ಮಂಕಾದಲ್ಲಿ ಒಳಗೆ ಕೊಳೆತಿರಬಹುದು. ಕೊಳೆತಷ್ಟನ್ನು ಕತ್ತರಿಸಿ ಐಎಸ್ 710 (ಭಾರತೀಯ ಮಾನಕ) ಗುರುತಿನ, ನೀರಿಗೆ ತಾಳುವ ಮೆರೈನ್ ಪ್ಲೈವುಡ್ ಕೂರಿಸಿ. ಹಳೆ ಸ್ಕ್ರೂ ತೂತುಗಳನ್ನು ಅಗಲಿಸಿ ಎಪಾಕ್ಸಿ (ಎರಡು ಭಾಗ ಬೆರೆಸಿದಾಗ ಗಟ್ಟಿಯಾಗುವ ಅಂಟು) ತುಂಬಿ, ನೀರು ಇಳಿಯುವ ದಾರಿಯೇ ಅವು.

ಪಟ್ಟಿಗಳು 50 ಮಿ.ಮೀ. ಅಗಲ, 10 ಮಿ.ಮೀ. ದಪ್ಪ ಇರಲಿ. ಒಂದು ಅಂಚಿನಲ್ಲಿ 5 ಮಿ.ಮೀ. ಅಗಲ, 6 ಮಿ.ಮೀ. ಆಳದ ಮೆಟ್ಟಿಲು ಕೊರೆಯಲು ಆಚಾರಿಗೆ ಹೇಳಿ; ಪಟ್ಟಿಗಳನ್ನು ಜೋಡಿಸಿದಾಗ ಅದೇ ಸಂದಾಗುತ್ತದೆ. ಚದರ ಮೀಟರಿಗೆ 20 ಮೀಟರ್ ಪಟ್ಟಿ ಬೇಕು. ಅಷ್ಟರ ಸಂದಿಗೆ ಸುಮಾರು 600 ಮಿ.ಲೀ. ಸೀಲಂಟ್ (ಸಂದು ತುಂಬುವ ರಬ್ಬರಿನಂಥ ಅಂಟು). ಪೋಲಾಗುವುದನ್ನು ಲೆಕ್ಕ ಹಾಕಿ 300 ಮಿ.ಲೀ.ಯ ಮೂರು ಟ್ಯೂಬ್ ತನ್ನಿ.

ಸಾಗುವಾನಿಯ ಎಣ್ಣೆಗೆ ಅಂಟು ನಿಲ್ಲುವುದಿಲ್ಲ. ಅಂಟಿಸುವ ತುಸು ಮೊದಲು ಅಸಿಟೋನ್‌ನಲ್ಲಿ ಒರೆಸಿ. ದಪ್ಪಗೊಳಿಸಿದ ಎಪಾಕ್ಸಿ ಹಚ್ಚಿ, ಮರಳುಚೀಲ ಹೇರಿ. ಬೆಳಗ್ಗೆಯೇ ಮಾಡಿ, ನಡುಹಗಲ ಬಿಸಿಲಿಗೆ ಎಪಾಕ್ಸಿ ಬಟ್ಟಲಲ್ಲೇ ಗಟ್ಟಿಯಾಗುತ್ತದೆ.

ಸಂದಿನ ತಳಕ್ಕೆ ಸೀಲಂಟ್ ಹಿಡಿಯದ ಟೇಪ್ ಹಾಕುವುದನ್ನು ಬಿಡಬೇಡಿ. ಸೀಲಂಟ್ ಎರಡು ಬದಿಗೆ ಮಾತ್ರ ಅಂಟಬೇಕು. ತಳಕ್ಕೂ ಅಂಟಿದರೆ ಮರ ಹಿಗ್ಗಿ ಕುಗ್ಗುವಾಗ ಹರಿಯುತ್ತದೆ. ಸಂದು ಉಕ್ಕುವಷ್ಟು ತುಂಬಿ, ಪೂರ್ತಿ ಒಣಗಿದ ಮೇಲಷ್ಟೇ 80 ನಂಬರಿನ ಮರಳು ಕಾಗದದಲ್ಲಿ ಉಜ್ಜಿ.

ಆಮೇಲೆ ಉಪ್ಪುನೀರು, ಮೆದು ಬ್ರಷ್ ಸಾಕು, ಎಳೆಗೆ ಅಡ್ಡಲಾಗಿ ತಿಕ್ಕಿ. ಪ್ರೆಶರ್ ವಾಷರ್ ಹಿಡಿದರೆ ಮೆದು ಎಳೆ ಕಿತ್ತು ಹಲಗೆ ಗೀರುಗೀರಾಗುತ್ತದೆ.