ಡಬ್ಬಿಯೊಳಗೆ ಆಕಾಶವಾಣಿ

ಧಾರವಾಡದಲ್ಲಿ ನಮ್ಮ ಓಣಿಯ ಸಿತಾರ್ ಮಾಸ್ತರರಿಗೆ ಒಂದು ಪಿಕಪ್, ಅಂದರೆ ವಾದ್ಯದ ಕಂಪನವನ್ನು ಆಂಪ್ಲಿಫೈಯರ್‌ಗೆ ಮುಟ್ಟಿಸುವ ಸಾಧನ, ಮಾಡಿಕೊಟ್ಟಿದ್ದೆ. ಸಿತಾರಿಗೆ ಅಂಟಿಸುವ, ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಪೀಜೋ ಬಿಲ್ಲೆ, ಆ ಸಣ್ಣ ಸಿಗ್ನಲ್ಲನ್ನು ಬಲಪಡಿಸುವ ಟಿಎಲ್072 ಐಸಿಯ ಪ್ರೀಆಂಪ್, 9 ವೋಲ್ಟ್ ಬ್ಯಾಟರಿ. ಎಲ್ಲವನ್ನೂ ಎಲೆಕ್ಟ್ರಿಕಲ್ ಅಂಗಡಿಯ ಪಿವಿಸಿ ಡಬ್ಬಿಯಲ್ಲಿ ಕೂರಿಸಿದ್ದೆ. ಅವತ್ತೇ ಸಂಜೆ ಮಾಸ್ತರರ ಫೋನ್ ಬಂತು. "ತಮ್ಮಾ, ನಾ ತಂತಿ ಮುಟ್ಟೂಕಿಂತ ಮೊದಲ ಇದರಾಗ ಆಕಾಶವಾಣಿ ಮಾತಾಡಾಕ ಹತ್ತೇತಲ್ಲೋ!"

ಹೋಗಿ ಕೇಳಿದರೆ ನಿಜ. ಗುಂಯ್ ಸದ್ದಿನ ಹಿಂದೆ ಸಣ್ಣಗೆ ವಾರ್ತೆ ಬರುತ್ತಿತ್ತು. ಧಾರವಾಡ ಕೇಂದ್ರದ್ದು 765 ಕಿಲೋಹರ್ಟ್ಸ್, 200 ಕಿಲೋವ್ಯಾಟ್. ಅದಕ್ಕೆ ಪ್ಲಾಸ್ಟಿಕ್ ಡಬ್ಬಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಗುಂಯ್ ಅನ್ನುವ ಹಮ್ ಮನೆಯ ವೈರಿಂಗ್‌ನ 50 ಹರ್ಟ್ಸ್ ಕರೆಂಟಿನದು. ಪೀಜೋದ ಇಂಪೀಡೆನ್ಸ್ (ಎಸಿ ಕರೆಂಟಿಗೆ ಒಡ್ಡುವ ತಡೆ) ಜಾಸ್ತಿ, ಸುತ್ತಲಿನ ಗಲಾಟೆಯನ್ನೆಲ್ಲ ಎಳೆದುಕೊಳ್ಳುತ್ತದೆ.

ಲೋಹದ ಹೊದಿಕೆ ಇದನ್ನು ತಡೆಯುತ್ತದೆಂದು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತಂದು ಡಬ್ಬಿಯ ಒಳಗೆಲ್ಲ ಬಿಳಿ ಗೋಂದಿನಿಂದ ಅಂಟಿಸಿದೆ. ನೋಡಲು ಪೇಢಾ ಡಬ್ಬಿಯ ಹಾಗೆ ಫಳಫಳ. ಹಮ್ ಮಾತ್ರ ಮೊದಲಿಗಿಂತ ಜಾಸ್ತಿ! ಕರೆಂಟ್ ಹರಿಯುವ ದಾರಿ ಇದ್ದರೆ ಕೂಗುವಂತೆ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಒಂದು ಮುಳ್ಳು ಮುಚ್ಚಳಕ್ಕೆ, ಇನ್ನೊಂದು ತಳಕ್ಕೆ ಹಿಡಿದೆ. ಸದ್ದಿಲ್ಲ. ತಳದಿಂದ ಗ್ರೌಂಡ್‌ಗೆ, ಅಂದರೆ ಸರ್ಕ್ಯೂಟಿನ ಸೊನ್ನೆ ವೋಲ್ಟ್ ತಂತಿಗೆ? ಅಲ್ಲೂ ಇಲ್ಲ. ಎಲ್ಲಿಗೂ ಸೇರದ ಫಾಯಿಲ್ ಸುಮ್ನೆ ಹಮ್ ಹಿಡಿದು ಸರ್ಕ್ಯೂಟ್‌ಗೆ ದಾಟಿಸುತ್ತಿತ್ತು. ಗ್ರೌಂಡ್ ವೈರ್ ಬೆಸೆಯೋಣವೆಂದರೆ ಅಲ್ಯೂಮಿನಿಯಂಗೆ ಮಾಮೂಲಿ ಸೋಲ್ಡರ್ ಹಿಡಿಯುವುದಿಲ್ಲ.

ಎಲ್ಲ ಕಿತ್ತು ಹುಬ್ಬಳ್ಳಿಯಿಂದ ತಾಮ್ರದ ಟೇಪ್ ತಂದೆ. ಅಗ್ಗದ ಟೇಪಿನ ಅಂಟು ಕರೆಂಟ್ ಹರಿಯಲು ಬಿಡುವುದಿಲ್ಲ. ಒಂದರ ಮೇಲೊಂದು ಅಂಟಿಸಿದರೂ ಪಟ್ಟಿಗಳು ಬೇರೆ ಬೇರೆಯೇ. ಅದಕ್ಕೆ ಪ್ರತಿ ಜೋಡಣೆಯ ಮೇಲೆ ಸೋಲ್ಡರ್ ಚುಕ್ಕೆ ಇಟ್ಟೆ. 25 ವ್ಯಾಟ್ ಐರನ್ ಎರಡು ಸೆಕೆಂಡಿಗಿಂತ ಹೆಚ್ಚು ನಿಂತರೆ ಕೆಳಗಿನ ಪ್ಲಾಸ್ಟಿಕ್ ಕರಗುತ್ತದೆ. ಒಂದು ಮೂಲೆ ಹಾಗೇ ಸೊಟ್ಟಗಾಗಿದೆ, ಮಾಸ್ತರರು ಇನ್ನೂ ಗಮನಿಸಿಲ್ಲ. ಟೇಪನ್ನು ಡಬ್ಬಿಯ ಅಂಚಿನ ಮೇಲೂ ಮುಚ್ಚಳದ ಅಂಚಿನ ಮೇಲೂ ಮಡಚಿದೆ. ಸ್ಕ್ರೂ ಬಿಗಿಯುತ್ತಿದ್ದಂತೆ ತಾಮ್ರಕ್ಕೆ ತಾಮ್ರ ಒತ್ತಿ ಮೀಟರ್ ಬೀಪ್ ಅಂದಿತು.

ತಾಮ್ರದಿಂದ ಗ್ರೌಂಡ್‌ಗೆ ವೈರ್ ಒಂದೇ, ಆಂಪ್ಲಿಫೈಯರ್ ಕೇಬಲ್ ಸಿಕ್ಕಿಸುವ ಜ್ಯಾಕ್‌ನ ಹತ್ತಿರ. ಬೋರ್ಡಿನ ಕೆಳಗೆ ಹಳೆಯ ಎಕ್ಸ್‌ರೇ ಹಾಳೆ ಕತ್ತರಿಸಿ ಹಾಕಿದೆ, ಇಲ್ಲದಿದ್ದರೆ ಎಲ್ಲ ತಾಮ್ರಕ್ಕೆ ತಾಗಿ ಶಾರ್ಟ್ ಆಗುತ್ತದೆ. ಸಣ್ಣ ತೂತುಗಳ ಚಿಂತೆ ಬೇಡ. ಮೀಡಿಯಂ ವೇವ್‌ನ ಆ ಅಲೆಯ ಉದ್ದವೇ ಸುಮಾರು 390 ಮೀಟರ್, ಅಷ್ಟು ಸಣ್ಣ ತೂತಿನಲ್ಲಿ ನುಸುಳುವುದಿಲ್ಲ.

ಹಮ್ ನಿಂತಿತು. ವಾರ್ತೆ ನಿಲ್ಲಲಿಲ್ಲ!

ಅದು ಡಬ್ಬಿಯಿಂದಲ್ಲ, ಪೀಜೋದಿಂದ ಬರುವ ವೈರಿನಿಂದ ಒಳಗೆ ನುಗ್ಗುತ್ತಿತ್ತು. ನಾನು ಹಾಕಿದ್ದು ಸಾದಾ ಜೋಡಿ ವೈರ್, ಅಂದರೆ ಚೆಂದದ ಆಂಟೆನಾ. ಅದನ್ನು ತೆಗೆದು ಮೈಕಿನ ಶೀಲ್ಡ್ ವೈರ್ (ಸುತ್ತ ಲೋಹದ ಜಾಲರಿ ಇರುವುದು) ಹಾಕಿದೆ. ಉಳಿದ ರೇಡಿಯೋ ಸಿಗ್ನಲ್ ಸೋಸಲು ಇನ್‌ಪುಟ್‌ನಲ್ಲಿ 10 ಕಿಲೋಓಮ್ ರೆಸಿಸ್ಟರ್, ಅದು ದಾಟಿದ ಮೇಲೆ ಗ್ರೌಂಡ್‌ಗೆ 100 ಪಿಕೋಫ್ಯಾರಡ್ ಕೆಪಾಸಿಟರ್ ಕೂಡಿಸಿದೆ. ಸಿತಾರಿನ ದನಿ ಬದಲಾಗಲಿಲ್ಲ, ವಾರ್ತೆ ಹೋಯಿತು.

ಇದೇ ಹುಮ್ಮಸ್ಸಿನಲ್ಲಿ ನನ್ನ ವೈಫೈ ಥರ್ಮಾಮೀಟರ್ ಡಬ್ಬಿಗೂ ತಾಮ್ರ ಸುತ್ತಿದೆ. ಸಿಗ್ನಲ್ ಸತ್ತುಹೋಯಿತು. ಆಂಟೆನಾ ಒಳಗಿದ್ದರೆ ಮತ್ತೇನಾದೀತು, ಅಲ್ವಾ?

ಮಾಸ್ತರರ ಡಬ್ಬಿಯನ್ನು ದೊಡ್ಡ ಆಂಪ್ಲಿಫೈಯರ್ ಮೇಲಿಟ್ಟರೆ ಈಗಲೂ ಸ್ವಲ್ಪ ಗುಂಯ್ ಅನ್ನುತ್ತದೆ. ಅದರೊಳಗಿನ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರವನ್ನು ತೆಳು ತಾಮ್ರ ತಡೆಯುವುದಿಲ್ಲ. ಎರಡು ಅಡಿ ದೂರ ಇಡಿ ಸರ್ ಅಂದಿದ್ದೇನೆ.